ನನ್ನ ಬಾಯಿಯ ಮುಂದಿನ ಖಾಲಿ ಗುಳ್ಳೆ

ಸೇಲಂನಲ್ಲಿ ಕನ್ನಡ ಮಾತಾಡುವವರು ಬೀದಿಗೆ ನಾಲ್ಕು ಮನೆ ಸಿಗುತ್ತಾರೆ. ಅಕ್ಷರ ಬಲ್ಲವರನ್ನು ಮಾತ್ರ ಹುಡುಕಬೇಕು. ನನಗೆ ಅಜ್ಜ ಹಲಗೆಯ ಮೇಲೆ ತಿದ್ದಿಸಿದ್ದರಿಂದ ಓದು ಬಂತು. ಉಳಿದ ಹೆಚ್ಚಿನವರಿಗೆ ಬಾರದು, ಹಾಗಾಗಿ ಹೊಸ ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯವನ್ನು ನಾನು ಬರೆಯುವುದಿಲ್ಲ, ಫೋನಿನಲ್ಲಿ ಮಾತಾಡಿ ನಮ್ಮವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಓದಲು ಬಾರದವರೂ ಕೇಳಿಸಿಕೊಳ್ಳುತ್ತಾರೆ, ಕೆಲವರು ಕೇಳದೆಯೇ ಕೈಮುಗಿಯುವ ಚಿತ್ರ ಕಳಿಸುತ್ತಾರೆ. ಪುಸ್ತಕಗಳನ್ನು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸುತ್ತೇನೆ. ಇನ್ಶೂರೆನ್ಸ್ ಆಫೀಸಿನಿಂದ ಬಂದು, ಕುಕ್ಕರ್ ಇಟ್ಟು, ಅಡುಗೆ ಕಟ್ಟೆಗೆ ಒರಗಿ ನಿಂತೇ ಓದುವುದು ನನ್ನ ರೂಢಿ. ಕೂತರೆ ನಿದ್ದೆ ಬಂದುಬಿಡುತ್ತದೆ.

ನಿಜ ಹೇಳಬೇಕೆಂದರೆ, ಈ ನಡುವೆ ಓದಿಯೂ ಸುಸ್ತಾಗಿದೆ. ಕತೆ ಕಾದಂಬರಿಗಿಂತ ಹೆಚ್ಚಾಗಿ ಬದುಕುವುದನ್ನು ಕಲಿಸುವ ಪುಸ್ತಕಗಳೇ ಬರುತ್ತಿವೆ. ಬೆಳಿಗ್ಗೆ ಐದಕ್ಕೆ ಏಳಿ, ಕಿಟಕಿ ತೆರೆಯಿರಿ, ಏನೂ ಮಾಡದೆ ಸ್ವಲ್ಪ ಹೊತ್ತು ಕೂತಿರಿ, ನಿಮ್ಮ ಪಾದಗಳಿಗೆ ಧನ್ಯವಾದ ಹೇಳಿ. ಅಯ್ಯಾ ಮಹಾರಾಯ, ನಮ್ಮ ಬೀದಿಗೆ ನಲ್ಲಿ ನೀರು ಬಿಡುವುದೇ ಆ ಹೊತ್ತಿಗೆ! ಅಂಥದೊಂದು ಪುಸ್ತಕವನ್ನು ಹಠ ಹಿಡಿದು ಕೊನೆಯವರೆಗೂ ಓದಿದೆ. ಬರೆದವರು ಏನೂ ಮಾಡದೆ ಕೂತಿದ್ದಾಗ ಅವರಿಗೆ ಕಾಫಿ ಮಾಡಿಕೊಟ್ಟವರು ಯಾರು ಎಂದು ಎಲ್ಲಾದರೂ ಹೇಳಿದ್ದಾರೇನೋ ಎಂದು ನೋಡಿದೆ. ಹೇಳಿಲ್ಲ. ಮನೆಯಲ್ಲಿ ಸಾಮಾನು ಕಡಿಮೆ ಮಾಡಿ ಎಂದು ಬುದ್ಧಿ ಹೇಳುವ ಇನ್ನೊಂದು ಪುಸ್ತಕ ಎಷ್ಟು ದಪ್ಪ ಇತ್ತೆಂದರೆ, ಅದನ್ನಿಡಲು ಜಾಗ ಮಾಡುವುದಕ್ಕೇ ಎರಡು ಡಬ್ಬ ಎತ್ತಿಡಬೇಕಾಯಿತು.

ಕಾದಂಬರಿಗಳ ಪಾಡೂ ಅಷ್ಟೆ. ಮೊನ್ನೆ ಓದಿದ್ದರಲ್ಲಿ ಒಬ್ಬ ಹೆಂಗಸು ಮೊದಲ ಪುಟದಲ್ಲಿ ಕಿಟಕಿಯ ಮುಂದೆ ಕೂತವಳು ಕೊನೆಯವರೆಗೂ ಏಳುವುದಿಲ್ಲ. ಅವಳಿಗೆ ಏನೋ ದುಃಖ. ಇರಲಿ, ಯಾರಿಗಿಲ್ಲ? ಆದರೆ ಆ ದಿನ ಮನೆಯಲ್ಲಿ ಏನು ಅಡುಗೆ, ಯಾರು ಮಾಡಿದರು ಎನ್ನುವುದು ನನಗೆ ತಿಳಿಯಬೇಕು. ಸಣ್ಣಕತೆ ಬರೆಯುವವರಂತೂ ಈಗ ಕತೆ ಮುಗಿಸದೆ ನಡುವೆಯೇ ಎದ್ದು ಹೋಗುತ್ತಾರೆ. ಒಂದೇ ಒಂದು ಕಾದಂಬರಿ ಇಷ್ಟವಾಯಿತು. ಅದು ಬಸ್ ಕಂಡಕ್ಟರ್ ಹೆಂಗಸೊಬ್ಬಳದು. ದಿನವೆಲ್ಲ ನಿಂತವಳ ಹಿಮ್ಮಡಿ ಸಂಜೆಗೆ ಹೇಗೆ ಉರಿಯುತ್ತದೆ ಎಂದು ಬರೆದವರಿಗೆ ಗೊತ್ತಿತ್ತು.

ಚಿತ್ರ ಕಾದಂಬರಿಗಳನ್ನು ನಾನು ಬೊಂಬೆ ಪುಸ್ತಕ ಎನ್ನುತ್ತೇನೆ. ಗ್ರಾಫಿಕ್ ನಾವೆಲ್ ಎನ್ನಬೇಕಂತೆ. ಚೌಕಚೌಕದೊಳಗೆ ಚಿತ್ರ, ಬಾಯಿಯ ಮುಂದೆ ಒಂದು ಗುಳ್ಳೆ, ಗುಳ್ಳೆಯೊಳಗೆ ಮಾತು. ನಾನು ಗುಳ್ಳೆಯಿಂದ ಗುಳ್ಳೆಗೆ ಜಿಗಿದು, ಕುಕ್ಕರ್ ಕೂಗುವಷ್ಟರಲ್ಲಿ ಪುಸ್ತಕ ಮುಗಿಸಿ, ಇಷ್ಟೇನಾ ಎಂದುಬಿಡುತ್ತಿದ್ದೆ. ಚಿತ್ರ ನೋಡಬೇಕು ಎನ್ನುವುದೇ ನನಗೆ ಹೊಳೆಯುತ್ತಿರಲಿಲ್ಲ. ಗುಂಪಿನಲ್ಲೂ ಹಾಗೆಯೇ ಹೇಳಿದ್ದೆ. ಆ ಗುಂಪಿನಲ್ಲಿ ನನ್ನ ಮಗಳೂ ಇದ್ದಾಳೆ.

ಮಗಳು ಏರ್ಕಾಡ್‌ನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಶನಿವಾರ ಬೆಟ್ಟ ಇಳಿದು ಬರುತ್ತಾಳೆ, ಭಾನುವಾರ ಸಂಜೆಯ ಬಸ್ಸಿಗೆ ಹತ್ತಿ ಹೋಗುತ್ತಾಳೆ. ಅವಳಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಂದಿನಿಂದ ಮನೆಯಲ್ಲಿ ನಾವಿಬ್ಬರೇ. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮೊದಮೊದಲು ಜಗಳ ಆಡಿದೆ. ಆಮೇಲೆ ಆಫೀಸಿನಿಂದ ಬಂದ ಮೇಲೆ ಜಗಳಕ್ಕೆ ಬೇಕಾದಷ್ಟು ಶಕ್ತಿಯೂ ಉಳಿಯುತ್ತಿರಲಿಲ್ಲ, ಬಿಟ್ಟುಬಿಟ್ಟೆ. ಇಷ್ಟು ವರ್ಷ ಆಡಿದ ಮಾತು ಅವಳ ಕಿವಿಗೆ ಬಿದ್ದಿದೆಯೋ, ಗೋಡೆಗೆ ಬಿದ್ದಿದೆಯೋ ಎಂದು ಮಾತ್ರ ಒಳಗೊಳಗೇ ಕೊರೆಯುತ್ತಿತ್ತು.

ಕಳೆದ ತಿಂಗಳು ಬಂದವಳು ಬ್ಯಾಗಿನಿಂದ ಸ್ಪೈರಲ್ ಹಾಕಿಸಿದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಅವಳೇ ಬರೆದ ಚಿತ್ರ ಕಾದಂಬರಿ. ಅಚ್ಚಿಗೆ ಕೊಡುವ ಮೊದಲಿನ ಪ್ರತಿಯಂತೆ.

"ಊರುಕ್ಕೆಲ್ಲಾಂ ಸೊಲ್ಲರೆ, ಎನಕ್ಕೂ ಸೊಲ್ಲು" ಎಂದಳು. ಊರಿಗೆಲ್ಲ ಹೇಳುತ್ತೀಯಲ್ಲ, ನನಗೂ ಹೇಳು ಎಂದು.

"ಎತ್ತವ್ರಿಗೆ ಎಗ್ಗಣ ಮುದ್ದು ಅಂತಾರೆ. ನನ್ ತಾವ ಅದೆಲ್ಲ ನಡಿಯಾಕಿಲ್ಲ. ಚೆನ್ನಾಗಿಲ್ದಿದ್ರೆ ಇಲ್ಲಾಂತಲೇ ಏಳೋದು" ಎಂದೆ.

"ಸರಿ" ಎಂದು ಎರಡು ಗರಿಗರಿ ವಡೆಯ ನಡುವೆ ತರಕಾರಿ ತುರಿ ಇಟ್ಟುಕೊಡುವ ತಟ್ಟುವಡೆ ಸೆಟ್ ತರಲು ಬೀದಿ ತುದಿಯ ಗಾಡಿಗೆ ಹೋದಳು.

ಪುಟ ತೆರೆದರೆ ನಾನೇ ಇದ್ದೆ. ಪಾಲಕೋಡ್ ಹತ್ತಿರದ ನನ್ನ ತವರಿನಿಂದ ಸೇಲಂಗೆ ಬರುವ ಬಸ್ಸಿನಲ್ಲಿ ಕೂತಿದ್ದೇನೆ. ತೊಡೆಯ ಮೇಲೆ ಟಮೋಟ ಬುಟ್ಟಿ, ಭುಜದ ಮೇಲೆ ನಿದ್ದೆ ಹೋದ ಮಗಳ ತಲೆ. ನನ್ನ ಸೀರೆಯ ಅಂಚು, ಚಪ್ಪಲಿಗೆ ಹಾಕಿಸಿದ ಹೊಲಿಗೆ ಕೂಡ ಬಿಟ್ಟಿಲ್ಲ. ಆದರೆ ನನ್ನ ಬಾಯಿಯ ಮುಂದಿನ ಗುಳ್ಳೆ ಖಾಲಿ. ಕಂಡಕ್ಟರ್ ಮಾತಾಡುತ್ತಾನೆ, ಹೂವಿನವಳು ಮಾತಾಡುತ್ತಾಳೆ, ಎಲ್ಲ ತಮಿಳು ಅಕ್ಷರದಲ್ಲಿ. ನಾನು ಮಾತ್ರ ಪುಟಪುಟದಲ್ಲೂ ಬಾಯಿ ತೆರೆದುಕೊಂಡು ನಿಂತಿದ್ದೇನೆ, ಗುಳ್ಳೆಯಲ್ಲಿ ಒಂದಕ್ಷರ ಇಲ್ಲ. ಹುಣಸೆಮರದ ಕೆಳಗೆ ನಾನೂ ನಮ್ಮಮ್ಮನೂ ಕೂತಿರುವ ಪುಟದಲ್ಲಿ ಇಬ್ಬರದೂ ಖಾಲಿ. ನಮ್ಮಮ್ಮ ಈಗಿಲ್ಲ. ಅವಳ ಬಾಯನ್ನೂ ಮಗಳು ಹೀಗೆ ಬರಿದು ಮಾಡಿಟ್ಟಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು.

ಮಗಳು ಪೊಟ್ಟಣ ಹಿಡಿದು ಬಂದಾಗ ಪುಸ್ತಕ ಮುಚ್ಚಿಟ್ಟಿದ್ದೆ.

"ಎಪ್ಪಡಿ?" ಎಂದಳು.

"ಚಿತ್ರ ಚೆನ್ನಾಗೈತೆ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಬಾಯಿ ನಿಲ್ಲುವ ಬಾಯಲ್ಲ. "ಊರೋರೆಲ್ಲಾ ಮಾತಾಡ್ತಾರೆ, ನಿಮ್ಮವ್ವ ಮಾತ್ರ ಮೂಗಿ. ನಿಮ್ಮಜ್ಜಿನೂ ಮೂಗಿ. ಇಷ್ಟ್ ವರ್ಸ ಬಡ್ಕಂಡಿದ್ದು ನಿನ್ ಕಿವಿಗೆ ಬರೀ ಗಾಳೀನೇನೇ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಪೊಟ್ಟಣ ಬಿಚ್ಚಿ, ಬೀಟ್‌ರೂಟ್ ತುರಿ ತುಂಬಿದ ವಡೆಯೊಂದನ್ನು ನನ್ನ ಕೈಗಿಟ್ಟಳು.

"ಎನಕ್ಕು ಕನ್ನಡ ಎಳುದ ತೆರಿಯಾದುಮ್ಮಾ."

ಕನ್ನಡ ಬರೆಯಲು ತನಗೆ ಬಾರದು ಎಂದು ಅವಳು ಹೇಳಿದ್ದು. ಅದು ನನಗೆ ಗೊತ್ತಿಲ್ಲದ ವಿಷಯವೇ? ತಮಿಳಿನಲ್ಲೇ ಬರೆಯಬಹುದಿತ್ತಲ್ಲ ಎಂದು ಕೇಳಿದೆ. ಬರೆದು ನೋಡಿದೆ, ಓದಿದರೆ ಯಾರೋ ಬೇರೆ ಹೆಂಗಸು ಮಾತಾಡಿದ ಹಾಗೆ ಇತ್ತು, ಅಳಿಸಿಬಿಟ್ಟೆ ಎಂದಳು. ಮತ್ತೆ ಬ್ಯಾಗಿಗೆ ಕೈಹಾಕಿ ಒಂದು ಕಪ್ಪು ಪೆನ್ನು ತೆಗೆದಳು. ನಿನ್ನ ಮಾತನ್ನು ನೀನೇ ಬರೆ, ನಿನ್ನ ಕೈಬರಹವೇ ಅಚ್ಚಾಗಬೇಕು ಎಂದಳು.

"ಯಾವತ್ತೋ ಆಡಿದ್ ಮಾತು. ನಂಗೆಲ್ ಗ್ಯಾಪ್ಕ ಇರ್ತೈತೆ?"

ಅವಳು ಬಸ್ಸಿನ ಪುಟ ತೆರೆದು, ಬೆರಳಿಟ್ಟು, ಬಾಯಿ ತೆರೆದಳು. ಕನ್ನಡ ಬಂತು. ನಮ್ಮ ಕನ್ನಡ.

"ಎದ್ದೇಳೇ, ಬಸ್ಸು ನಿಂತೈತೆ. ನಿನ್ನೂ ಟಮೋಟನೂ ಎರಡ್ನೂ ಒತ್ಕೊಳ್ಳಾಕೆ ನನ್ ಕೈಲಾಗಲ್ಲ."

ಹುಣಸೆಮರದ ಪುಟ. ನಮ್ಮಮ್ಮನ ಗುಳ್ಳೆಯ ಮೇಲೆ ಬೆರಳು. "ಇನ್ನೊಂದ್ ಮುದ್ದೆ ಆಕ್ಕೊಳೇ, ಎಂಗ್ ಒಣಗೋಗಿದ್ದೀಯ ನೋಡು." ರಾಗ ಕೂಡ ನಮ್ಮಮ್ಮನದೇ. ಪಕ್ಕದ ಗುಳ್ಳೆ ನನ್ನದು. "ನಂಗ್ ಊಟಕ್ಕಿಂತ ನಿದ್ದೆ ಬೇಕಮ್ಮ."

ಹೀಗೆ ಒಂದೊಂದೇ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಕೆಲವು ಕಡೆ ಅಕ್ಷರ ಗುಳ್ಳೆಯಿಂದ ಹೊರಗೆ ಹೋಯಿತು. ಪರವಾಗಿಲ್ಲ ಎಂದಳು. ಒಂದು ಮಾತನ್ನೂ ಅವಳು ಬಿಟ್ಟಿರಲಿಲ್ಲ, ಅದು ಸಂತೋಷ. ಆದರೆ ಬರೆದಿದ್ದನ್ನು ತಿರುಗಿ ನೋಡಿದರೆ ಎಲ್ಲ ಆಯಾಸದ ಮಾತೇ. ಸಾಕಪ್ಪಾ ಸಾಕು, ಕಾಲು ಬಿದ್ದೋಯ್ತು, ನೀನ್ ತಿನ್ನು ನಂಗೆ ಅಸಿವಿಲ್ಲ, ಆಮೇಲೆ ನೋಡೋಣ. ಇದನ್ನೇ ಕೇಳಿಕೊಂಡು ಬೆಳೆಯಿತಲ್ಲ ಮಗು ಎಂದು ಸಂಕಟವಾಯಿತು. ಬೇರೆಯವರ ಪುಸ್ತಕವಾಗಿದ್ದರೆ, ಈ ಹೆಂಗಸಿನ ಗೋಳು ಅತಿಯಾಯಿತು ಎಂದು ಗುಂಪಿನಲ್ಲಿ ಹೇಳುತ್ತಿದ್ದೆನೇನೋ.

ಕೊನೆಯ ಪುಟದಲ್ಲಿ ಏರ್ಕಾಡ್. ಕೆಲಸ ಸಿಕ್ಕಾಗ ಅವಳನ್ನು ಶಾಲೆಯ ಕ್ವಾರ್ಟರ್ಸ್‌ಗೆ ಬಿಟ್ಟು ಬಂದ ದಿನ. ನಾನು ಸೇಲಂ ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡುತ್ತಿದ್ದೇನೆ, ಅವಳು ರಸ್ತೆಯ ಪಕ್ಕದಲ್ಲಿದ್ದಾಳೆ. ನನ್ನ ಗುಳ್ಳೆ ಇಲ್ಲಿ ಎಲ್ಲಕ್ಕಿಂತ ದೊಡ್ಡದು.

"ಇಲ್ ಏನಂದೆ ನಾನು?"

"ಏನೂ ಏಳ್ಲಿಲ್ಲ" ಎಂದಳು, ಕನ್ನಡದಲ್ಲೇ. "ಏನೋ ಏಳಾಕ್ ಬಂದೆ. ಅಷ್ಟ್ರಲ್ಲಿ ಬಸ್ಸು ಒಂಟೋಯ್ತು."

ಎಲ್ಲವನ್ನೂ ಹೇಳಿಕೊಟ್ಟವಳು ಇದನ್ನು ಹೇಳಿಕೊಡಲಾರಳು. ಆ ದಿನ ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಅದೇ ಮಾತನ್ನು ನುಂಗಿಕೊಂಡು ಕೂತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಪೆನ್ನು ಹಿಡಿದು, ಗುಳ್ಳೆಯೊಳಗೇ ಇರುವಂತೆ ನಿಧಾನವಾಗಿ ಬರೆದೆ.

ಅವಳು ಬಗ್ಗಿ ನೋಡಿದಳು. ಅವಳಿಗೆ ಅದು ಬರೀ ಗೀಟುಗಳು. "ಏನ್ ಬರ್ದೆ? ಓದು" ಎಂದಳು.

ಓದಲೇಬೇಕಾಯಿತು.

"ಇನ್ ಮನೆಗೋಗಿ ನಾನ್ ಯಾರ್ ಕೂಡ ಮಾತಾಡ್ಲಿ?"

ಆ ಭಾನುವಾರ ಸಂಜೆಯ ಬಸ್ಸಿಗೆ ಹೋಗಬೇಕಾದವಳು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋದಳು.