ಮೂಳೆಕೋಣೆಯ ಅಣ್ಣ

ಕಟಕಟ, ಕಟಕಟ. ಚಕ್ರದ ಸ್ಟ್ಯಾಂಡನ್ನು ಕಿಟಕಿಯ ಬಳಿಗೆ ತಳ್ಳಿದಾಗಲೆಲ್ಲ ಅಸ್ಥಿಪಂಜರದ ದವಡೆ ಹೀಗೆ ಸದ್ದು ಮಾಡುತ್ತಿತ್ತು. ವೈದ್ಯಕೀಯ ಕಾಲೇಜಿನ ಮೂಳೆಕೋಣೆಯ ಅಟೆಂಡರ್ ಅದನ್ನು ಬೆಳಗಿನ ಮಾತುಕತೆಯೆಂದೇ ತಿಳಿದಿದ್ದ. "ಬಂದೆ ಅಣ್ಣಾ, ಬಂದೆ" ಎನ್ನುತ್ತ ಪಕ್ಕೆಲುಬುಗಳ ಧೂಳು ಒರೆಸುತ್ತಿದ್ದ.

ಅಣ್ಣ ಎನ್ನಲು ಕಾರಣ ಎತ್ತರ. ತನಗಿಂತ ಒಂದು ಗೇಣು ಹೆಚ್ಚು. ಅವನ ಹೆಂಡತಿಯೂ ಅವನಿಗಿಂತ ಎತ್ತರವೇ. ಇಬ್ಬರೂ ಜೊತೆಯಾಗಿ ಹೊರಟರೆ "ಏಣಿ ಬಂತು, ಹಿಂದೆ ಸ್ಟೂಲು ಬಂತು" ಎಂದು ಷಡ್ಡಕ ಕಿಚಾಯಿಸುತ್ತಿದ್ದ.

ಹನ್ನೊಂದು ವರ್ಷದಿಂದ ಅಣ್ಣನೊಬ್ಬನಿಗೇ ಅವನ ಗುಟ್ಟು ಗೊತ್ತು. ಮಕ್ಕಳಾಗದಿರಲು ಕೊರತೆ ತನ್ನಲ್ಲಿದೆ ಎಂದು ಡಾಕ್ಟರು ಹೇಳಿದ್ದನ್ನು ಅವನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. "ನಿನ್ನ ಮಡಿಲು ತುಂಬೋದು ಯಾವಾಗಮ್ಮ?" ಎಂದು ಅಮ್ಮ ಸೊಸೆಯನ್ನು ಚುಚ್ಚುವಾಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ಗಂಡಸಿನ ಸಂಕಟ ಗಂಡಸಿಗೇ ಹೇಳಬೇಕು, ಹೆಂಗಸಿಗೆ ಹೇಳುವ ಮಾತಲ್ಲ ಎಂದು ನಂಬಿದ್ದ.

ಅಂದು ಅಂಗರಚನಾಶಾಸ್ತ್ರ ಕಲಿಸುವ ಹೊಸ ಮೇಡಂ ಕೋಣೆ ನೋಡಲು ಬಂದರು.

"ಇದಕ್ಕೆ 'ಪುರುಷ' ಅಂತ ಚೀಟಿ ಅಂಟಿಸಿದ್ದು ಯಾರು?"

"ಹಳೇದು ಉದುರಿಹೋಗಿತ್ತು ಮೇಡಂ, ನಾನೇ ಅಂಟಿಸಿದೆ. ಅಣ್ಣ ಅಲ್ವಾ?"

"ಅಣ್ಣ ಅಲ್ಲಪ್ಪ, ಅಕ್ಕ!" ಮೇಡಂ ನಕ್ಕು ಸೊಂಟದ ಮೂಳೆ ತೋರಿಸಿದರು. "ಈ ಕಮಾನು ಎಷ್ಟು ಅಗಲ ಇದೆ ನೋಡಿ. ಗಂಡಸರದ್ದು ಇಕ್ಕಟ್ಟು. ಹುಬ್ಬಿನ ಮೂಳೆನೂ ಉಬ್ಬಿಲ್ಲ."

ಅವನು ತನ್ನ ಹುಬ್ಬು ಮುಟ್ಟಿಕೊಂಡ. ಉಬ್ಬಿತ್ತು. ದಿನವೂ ಒರೆಸಿದ ಸೊಂಟದತ್ತ ನೋಡಲು ಇಂದು ಯಾಕೋ ನಾಚಿಕೆಯಾಯಿತು.

"ಇಷ್ಟು ಎತ್ತರ ಇದೆಯಲ್ಲ ಮೇಡಂ?"

"ಎತ್ತರದ ಹೆಂಗಸರನ್ನ ನೀವು ನೋಡೇ ಇಲ್ವಾ?"

ದಿನಾ ನೋಡುತ್ತಿದ್ದ. ಪಕ್ಕದಲ್ಲೇ ಮಲಗುತ್ತಿದ್ದಳು.

"ಹಾಗಾದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಒಬ್ಬ ಹೆಂಗಸಿಗಾ?"

"ಏನು ಹೇಳಿದ್ರಿ?"

ಅವನ ಲೆಕ್ಕವೇ ತಲೆಕೆಳಗಾಗಿತ್ತು. ಹೆಂಗಸಿಗೆ ಹೇಳಬಾರದ್ದನ್ನು ಹೇಳಿಯಾಗಿದೆ. ಆಕಾಶವೇನೂ ಕಳಚಿ ಬಿದ್ದಿಲ್ಲ. ಅಥವಾ ಸತ್ತವಳಾದ್ದರಿಂದ ಸುಮ್ಮನಿದ್ದಳೋ? ಬದುಕಿರುವವಳು ಏನೆಂದಾಳು? ನಗುವುದೋ ಅಳುವುದೋ ಗೊತ್ತಾಗದೆ ಒರೆಸುವ ಬಟ್ಟೆಯನ್ನು ಮೇಡಂ ಕೈಗೇ ಕೊಟ್ಟುಬಿಟ್ಟ.

"ಬೇಜಾರು ಮಾಡ್ಕೋಬೇಡಿ, ಒಂದೇ ಮೂಳೆ ನೋಡಿದ್ರೆ ನಾವೂ ಮೋಸ ಹೋಗ್ತೀವಿ. ಈಗ ಗಲ್ಲ ನೋಡಿ, ಗಂಡಸರಲ್ಲಿ ಇದು..."

"ಮನೆಗೆ ಹೋಗ್ಬರ್ತೀನಿ ಮೇಡಂ. ಒಂದು ಮಾತು ಹೇಳೋದಿದೆ."

"ಅಲ್ರೀ, ಯಾರಿಗೆ? ಇನ್ನೂ ಹತ್ತು ಗಂಟೆ..."

ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆಯೇ ಅವನು ಮೆಟ್ಟಿಲು ಇಳಿಯತೊಡಗಿದ್ದ.