ಸರ್ವರಿಗೆ ಹೇಳದೇ ಉಳಿದ ಮಾತು

ನಮ್ಮ ಗಡಿಯೂರು ಉಮದಿಯ ವಿಜಯಕುಮಾರನನ್ನು ನೀವು ಒಮ್ಮೆ ನೋಡಬೇಕು. ಏಪ್ರಿಲ್ ಬಿಸಿಲಲ್ಲೂ ಕೋಟು ಬಿಚ್ಚುವ ಗಿರಾಕಿಯಲ್ಲ. ಬಸ್ ಸ್ಟ್ಯಾಂಡಿನ ಎದುರು ಅವನ ಅಂಗಡಿ. ಅದರ ಮೇಲೆ ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಬೋರ್ಡು, ಎರಡರಲ್ಲೂ ‘ಸಾಫ್ಟ್‌ವೇರ್ ತಜ್ಞ’. ಮೂರು ವರ್ಷದ ಕೋರ್ಸನ್ನು ವಿಜಯಪುರದಲ್ಲಿ ಐದು ವರ್ಷ ಓದಿ ಬಂದವನು, ತಜ್ಞನೇ ಇರಬೇಕು! ಏನು ಕೇಳಿದರೂ ಅವನದು ಒಂದೇ ಉತ್ತರ: “ಅದು ಬ್ಯಾಕೆಂಡ್ ವಿಷಯರಿ, ನಿಮಗ ತಿಳಿಯಂಗಿಲ್ಲ.” ಯಳವಿಗೆ ಹೋಗುವ ಬಸ್ಸು ಯಾವುದೆಂದು ಕೇಳಿದರೂ ಇದನ್ನೇ ಹೇಳಿಯಾನು.

ನಾನು ಹರಿಬಾ, ಇಲ್ಲಿನ ಕುರಿಗಾರರ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರಕೂನ. ನಮ್ಮ ಕುರಿಗಾರರು ಹಿಂಡು ಹೊಡೆದುಕೊಂಡು ಊರೂರು ತಿರುಗುವವರು. ಲಸಿಕೆ ಹಾಕುವ ಡಾಕ್ಟರರ ಜೀಪು ಯಾವ ದಿನ ಎಲ್ಲಿಗೆ ಬರುತ್ತದೆ ಎಂದು ಅವರ ಫೋನಿಗೆ ಸಂದೇಶ ಹೋಗಬೇಕು. ಮೊದಲು ನಾನೇ ಒಬ್ಬೊಬ್ಬರಿಗೂ ಫೋನು ಹಚ್ಚಿ ಗಂಟಲು ಹರಿದುಕೊಳ್ಳುತ್ತಿದ್ದೆ. ಇದಕ್ಕೊಂದು ವೆಬ್‌ಸೈಟ್ ಮಾಡಿಸೋಣ ಎಂದಾಗ ಚೇರ್ಮನ್ ಶ್ರೀಶೈಲಪ್ಪನವರು ಬೇರೆ ಯಾರನ್ನೂ ಹುಡುಕಲಿಲ್ಲ. ವಿಜಯಕುಮಾರ ಅವರ ಸ್ವಂತ ತಂಗಿಯ ಮಗ.

ಅವನು ಮಾಡಿಕೊಟ್ಟದ್ದು ಇಷ್ಟು. ಒಂದು ಪುಟ, ಅದರಲ್ಲೊಂದು ಗುಂಡಿ. ಕಂಪ್ಯೂಟರ್ ಕಲಿತು ಆಫೀಸಿಗೆ ಸೇರಿದ ಹುಡುಗಿ ಮಂಗಲ ಅದನ್ನು ಒತ್ತಬೇಕು. ಆಗ ಪ್ರೋಗ್ರಾಮು ಮೊದಲು ಸರ್ವರನ್ನು ಕೇಳುತ್ತದೆ: ಇದು ಅಸಲಿ ಕೆಲಸವೋ, ಬರೀ ಪರೀಕ್ಷೆಯೋ? ಈ ಉತ್ತರ ಪ್ರೋಗ್ರಾಮಿನ ಒಳಗೆ ಇರುವುದಿಲ್ಲ, ಸರ್ವರಿನ ಬಳಿ ಇಡಬೇಕು. ಅದಕ್ಕೆ ಎನ್ವಿರಾನ್ಮೆಂಟ್ ವೇರಿಯಬಲ್ ಅಂತ ದೊಡ್ಡ ಹೆಸರಿದೆ. ‘ಅಸಲಿ’ ಎಂಬ ಉತ್ತರ ಬಂದರೆ ಸಂದೇಶ ಕುರಿಗಾರರಿಗೆ ಹೋಗುತ್ತದೆ. ಉತ್ತರವೇ ಬರದಿದ್ದರೆ ಎಲ್ಲವೂ ಒಂದು ಪರೀಕ್ಷಾ ನಂಬರಿಗೆ. ಪದ್ಧತಿ ಚಲೋದೇ, ನಾನು ಅದರಲ್ಲಿ ಕೊಂಕು ತೆಗೆಯುವುದಿಲ್ಲ.

ಯುಗಾದಿ ಪಾಡ್ಯದ ದಿನ ಮುಹೂರ್ತ. ಆಫೀಸಿನ ಮೂಲೆಯ ಕಂಪ್ಯೂಟರೇ ನಮ್ಮ ಸರ್ವರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ಕಾಯಿ ಒಡೆದದ್ದಾಯಿತು. ವಿಜಯಕುಮಾರ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದು ‘ಅಸಲಿ’ ಎಂದು ಹೊಡೆದ. ಅದೇ ಕಿಟಕಿಯಿಂದ ಪ್ರೋಗ್ರಾಮು ಓಡಿಸಿದ. ಆವತ್ತು ಪಟ್ಟಿಯಲ್ಲಿದ್ದದ್ದು ಚೇರ್ಮನ್ನರ ನಂಬರೊಂದೇ; ಅವರ ಫೋನು ಕುಂಯ್ ಅಂದಿತು. ಅಬ್ಬಬ್ಬಾ, ಏನು ಚಪ್ಪಾಳೆ! ಪೇಢೆ ಹಂಚಿದರು. ತಜ್ಞರು ಕಿಟಕಿ ಮುಚ್ಚಿ, ಕೋಟು ಸರಿ ಮಾಡಿಕೊಂಡು ಫೋಟೋಕ್ಕೆ ನಿಂತರು.

ಮಳೆಗಾಲದ ಮೊದಲು ಕರುಳುಬೇನೆಯ ಲಸಿಕೆ ಬಂತು. ಮಂಗಲ ಗುಂಡಿ ಒತ್ತಿದಳು. ‘412 ಸಂದೇಶ ಕಳಿಸಲಾಗಿದೆ’ ಎಂದು ಪರದೆ ಹೇಳಿತು. ಮರುದಿನ ಜೀಪು ಯಳವಿಗೆ ಹೋದರೆ ಲಸಿಕೆಗೆ ಒಂದು ಕುರಿಯೂ ಬಂದಿರಲಿಲ್ಲ. ಹದಿನೈದು ದಿನಕ್ಕೆ ಯಮನವ್ವ ಎಂಬ ಮುದುಕಿ ಆಫೀಸಿಗೆ ಬಂದು ಬಾಗಿಲಲ್ಲೇ ಕುಸಿದು ಕೂತಳು. ಅವಳ ಹದಿನಾಲ್ಕು ಮರಿ ಕರುಳುಬೇನೆಗೆ ಸತ್ತಿದ್ದವು.

ವಿಜಯಕುಮಾರನನ್ನು ಕರೆಸಿದರು. ಅವನು ಕಂಪ್ಯೂಟರಿನ ಕಡೆ ತಿರುಗಿ ಸಹ ನೋಡಲಿಲ್ಲ.

“ಮುಹೂರ್ತದ ದಿನ ನಿಮ್ಮೆದುರಿಗೇ ನಡದದಲ್ರಿ ಮಾವಾ? ಈಕಿ ಗುಂಡಿ ಒತ್ತಿಲ್ಲ, ಸುಳ್ಳ ಹೇಳ್ತಾಳ.”

“ಒತ್ತೀನ್ರಿ!” ಅಂದಳು ಮಂಗಲ. “ಕಳಿಸಲಾಗಿದೆ ಅಂತ ಬಂದದ್ದು ನಾನ ನೋಡೀನಿ.”

“ಅದು ಬ್ಯಾಕೆಂಡ್ ವಿಷಯ. ನಿನಗೇನ ತಿಳೀತದ?”

ಚೇರ್ಮನ್ನರು ಅಳಿಯನ ಮುಖ ನೋಡಿದರು, ಆಮೇಲೆ ನನ್ನಿಂದಲೇ ಮಂಗಲಳ ಹೆಸರಿನಲ್ಲಿ ಒಂದು ಪತ್ರ ಬರೆಸಿದರು: ತಪ್ಪು ನನ್ನದು, ಕೆಲಸ ಬಿಡುತ್ತೇನೆ. ನಾಳೆ ಮಂಗಲ ಸಹಿ ಮಾಡಬೇಕಂತೆ. ಥೂ, ಆ ಪತ್ರ ಬರೆದ ನನ್ನ ಕೈಗೇ ಹೇಸಿಗೆಯಾಯಿತು. ಅವಳು ಅಸಂಗಿಯ ಕುರಿಗಾರರ ಮನೆ ಮಗಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಮಂದಿಯ ಮರಿ ಸಾಯಿಸಿದವಳು ಅನ್ನಿಸಿಕೊಂಡು ಅವಳು ಆ ಊರಿಗೆ ಹೇಗೆ ಹೋಗಬೇಕು?

ಅವಳು ಅಳುತ್ತಾ ಕೂಡಲಿಲ್ಲ. ಆ ಮಧ್ಯಾಹ್ನ ಪ್ರೋಗ್ರಾಮನ್ನು ಸಾಲುಸಾಲು ಓದಿದಳು. ಆಮೇಲೆ ಮೂರೇ ಸಾಲಿನ ಹೊಸ ಪುಟ ಬರೆದಳು. ಸರ್ವರೇ, ನಿನ್ನ ಹತ್ತಿರ ಯಾವ ಉತ್ತರ ಇದೆ, ತೋರಿಸು, ಇಷ್ಟೇ ಅದರ ಕೆಲಸ. ಪರದೆ ಖಾಲಿ ಬಂತು.

“ನೋಡ್ರಿ ಹರಿಬಾ ಕಾಕಾ,” ಅಂದಳು, “ವಿಜಯಕುಮಾರ ಸರ್ ಆವತ್ತ ಅಸಲಿ ಅಂತ ಹೇಳಿದ್ದು ತಮ್ಮ ಕಿಟಕಿಗಿ ಅಷ್ಟ. ಆ ಕಿಟಕಿ ಮುಚ್ಚಿದ ಕೂಡಲೇ ಆ ಮಾತೂ ಹೋತು. ಗುಂಡಿ ಒತ್ತಿದ್ರ ಪ್ರೋಗ್ರಾಮ್ ಓಡಸೂದು ಸರ್ವರ್. ಅದಕ್ಕ ಯಾರೂ ಏನೂ ಹೇಳೇ ಇಲ್ಲ. ಅದರ ಸ್ವಂತ ಸೆಟ್ಟಿಂಗ್ ಫೈಲಿನ್ಯಾಗ ಬರದು, ಅದನ್ನ ಮತ್ತ ಚಾಲೂ ಮಾಡಬೇಕಿತ್ತು.”

ಕಾರಕೂನನಿಗೂ ತಿಳಿಯುವ ಮಾತು. ತಜ್ಞನಿಗೆ ತಿಳಿದಿರಲಿಲ್ಲ!

ಮರುದಿನ ಸಭೆ. ಯಮನವ್ವನೂ ಬಂದಿದ್ದಳು. ಮಂಗಲ ಎಲ್ಲರೆದುರು ಆ ಪುಟ ತೆರೆದು ಖಾಲಿ ಪರದೆ ತೋರಿಸಿದಳು. ಫೈಲಿನಲ್ಲಿ ಉತ್ತರ ಬರೆದು, ಸರ್ವರನ್ನು ಮತ್ತೆ ಚಾಲೂ ಮಾಡಿ ಅದೇ ಪುಟ ತೆರೆದಾಗ ‘ಅಸಲಿ’ ಎಂದು ಬಂತು. ವಿಜಯಕುಮಾರ ನಕ್ಕ. “ಇರಬಹುದು. ಆದ್ರ ಈಕಿ ಕಳಿಸಿದ್ಲು ಅನ್ನೂದಕ್ಕ ಪುರಾವೆ ಏನದ?”

“ಉತ್ತರ ಸಿಗದಿದ್ರ ಎಲ್ಲಾ ಪರೀಕ್ಷಾ ನಂಬರಿಗಿ ಹೋಗ್ತಾವ್ರಿ. ಆ ನಂಬರ್ ಪ್ರೋಗ್ರಾಮಿನ್ಯಾಗ ಐತಿ,” ಎಂದು ಮಂಗಲ ತನ್ನ ಫೋನಿನಿಂದ ಆ ನಂಬರಿಗೆ ಕರೆ ಹಚ್ಚಿದಳು.

ರಿಂಗಾದದ್ದು ತಜ್ಞರ ಕೋಟಿನ ಒಳಗೆ.

ಅವನ ಮುಖ ನೋಡಬೇಕಿತ್ತು! ಚೇರ್ಮನ್ನರು ಕೈ ಚಾಚಿ ಫೋನು ತೆಗೆದುಕೊಂಡರು. ತೆರೆದು ಸಹ ನೋಡದ ನಾನೂರ ಹನ್ನೆರಡು ಸಂದೇಶ. “ಎರಡನೇ ಸಿಮ್ಮಿಂದು... ಬರೀ ಜಾಹೀರಾತು ಅಂತ ತಿಳದಿದ್ನಿ ಮಾವಾ,” ಅಂದ. ಬ್ಯಾಕೆಂಡ್ ಎಂಬ ಶಬ್ದ ಅವನ ಬಾಯಿಂದ ಹೊರಡಲೇ ಇಲ್ಲ. ಚೇರ್ಮನ್ನರು ಮೇಜಿನ ಮೇಲಿದ್ದ ಪತ್ರವನ್ನು ಹರಿದರು. ಮಂಗಲಳಿಗೆ ಒಂದು ಮಾತು, ತಪ್ಪಾಯಿತು ಅಂತ, ಹೇಳಲಿಲ್ಲ. ದೊಡ್ಡವರಲ್ಲವೇ!

ಯಮನವ್ವ ಎದ್ದು ವಿಜಯಕುಮಾರನ ಹತ್ತಿರ ಬಂದಳು. “ಯಪ್ಪಾ, ಅದರಾಗ ನನ್ನ ಹೆಸರಿಲೆ ಬಂದದ್ದ ಐತೇನು? ಓದು. ನನಗ ಓದಾಕ ಬರೂದಿಲ್ಲ.”

ಅವನು ಮಾವನ ಕೈಯಿಂದ ಫೋನು ತೆಗೆದುಕೊಂಡು ಹುಡುಕಿದ. ತಡವರಿಸುತ್ತಾ ಓದಿದ: “ಯಮನವ್ವ ಅವರಿಗೆ. ನಾಳೆ ಮಂಗಳವಾರ ಮುಂಜಾನೆ ಒಂಬತ್ತಕ್ಕೆ ಯಳವಿ ಕೆರೆಯ ಹತ್ತಿರ ಕುರಿ ನಿಲ್ಲಿಸಿರಿ. ಲಸಿಕೆ ಇದೆ.”

“ಯಳವಿ ಕೆರಿ ಅಂದ್ಯಾ?” ಮುದುಕಿ ಅವನನ್ನೇ ನೋಡಿದಳು. “ಆವತ್ತ ಜೀಪ್ ಬಂದದ್ದೂ ಕಂಡೀನಿ, ಹೋದದ್ದೂ ಕಂಡೀನಿ. ನನ್ನ ಕುರಿ ಆಚಿ ದಂಡಿಮ್ಯಾಗ ಮೇಯಾಕ ಹತ್ತಿದ್ವು.”