ಬೋರಲು ಇಟ್ಟ ಫೋನು

ಬಿ.ಎ. ಕೊನೆಯ ವರ್ಷ ನಾನು ನರಗುಂದದಲ್ಲಿ ಚಿಗವ್ವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಅವಳು ನನ್ನ ಅವ್ವನ ತಂಗಿ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ರೊಟ್ಟಿ ಕೇಂದ್ರ ತೆರೆದಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಜೋಳದ ರೊಟ್ಟಿ ಬಡಿಯುವುದು, ಒಣಗಿ ಖಡಕ್ ಆದವನ್ನು ಡಬ್ಬಕ್ಕೆ ತುಂಬಿ ರೋಣ, ಗಜೇಂದ್ರಗಡದ ಅಂಗಡಿಗಳಿಗೆ ಬಸ್ಸಿನಲ್ಲಿ ಕಳಿಸುವುದು. ಎಷ್ಟೋ ರೊಟ್ಟಿ ದಾರಿಯಲ್ಲೇ ಚೂರಾಗುತ್ತಿದ್ದವು. ಆಮೇಲೆ ಅಂಗಡಿಯವರು ಫೋನ್ ಮಾಡಿ ಬೈದರೆ, ಹಿಟ್ಟಿನ ಕೈಯನ್ನು ದೂರ ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

ಆ ಫೋನೇ ನನಗೆ ಅನುಮಾನ ಹುಟ್ಟಿಸಿದ್ದು. ರೊಟ್ಟಿ ಬಡಿಯುವಾಗ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು, ಯಾವಾಗಲೂ ಬೋರಲು. ಅದರೊಳಗಿಂದ ಒಬ್ಬ ಗಂಡಸಿನ ಧ್ವನಿ ಸಣ್ಣಗೆ ಬರುತ್ತಿತ್ತು. ನಾನು ಒಳಗೆ ಕಾಲಿಟ್ಟರೆ ಮೊಣಕೈಯಿಂದಲೋ ಹೇಗೋ ಅದನ್ನು ಒತ್ತಿ ಸುಮ್ಮನಾಗಿಸುತ್ತಿದ್ದಳು. ಯಾರು ಎಂದು ನಾನು ಕೇಳಲಿಲ್ಲ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಮೂರು ವರ್ಷ ಪಳಗಿದವಳು ನಾನು. ಎದುರಾಳಿಯನ್ನು ಕೇಳಿದರೆ ಆತ ಎಚ್ಚರವಾಗುತ್ತಾನೆ, ಮೊದಲು ಪುರಾವೆ ಕೂಡಿಸಿಕೋ ಎಂದು ತರಬೇತಿ ಕೊಟ್ಟಿದ್ದರು. ಚಿಗವ್ವ ಯಾವಾಗ ಎದುರಾಳಿಯಾದಳು ಎಂಬುದು ಆಗ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಲಕ್ಕಲಕಟ್ಟಿಯಿಂದ ಸೋದರಮಾವನ ಫೋನು ಬಂತು. ಹಿಂದಿನ ವಾರ ಆತ ನರಗುಂದಕ್ಕೆ ಕಾಳು ಮಾರಲು ಬಂದವನು ತಂಗಿಯ ಮನೆಗೂ ಬಂದಿದ್ದನಂತೆ. ಬಾಗಿಲಲ್ಲಿ ನಿಂತಾಗ ಒಳಗೆ ಗಂಡಸಿನ ಮಾತು ಕೇಳಿಸಿತಂತೆ. ಹೋಗಿ ನೋಡಿದರೆ ತಂಗಿ ಒಬ್ಬಳೇ, ಫೋನು ಬೋರಲು. ಮಂದಿ ಆಡಿಕೊಳ್ಳುವ ಮೊದಲು ರೊಟ್ಟಿ ಕೇಂದ್ರ ಮುಚ್ಚಿಸಿ ಅವಳನ್ನು ಊರಿಗೆ ಕರೆದುಕೊಂಡು ಹೋಗುವುದು ಆತನ ವಿಚಾರ. "ನೀ ಮನ್ಯಾಗ ಇರಾಕಿ, ಶ್ಯಾಣೇಕಿ ಬ್ಯಾರೆ. ಏನೈತಿ ನೋಡಿ ನನಗ ಹೇಳ" ಎಂದ.

ಮಾವನನ್ನೂ ನಾನು ಪೂರ್ತಿ ನಂಬಿರಲಿಲ್ಲ. ಕೇಂದ್ರ ತೆರೆದ ದಿನದಿಂದ ಅದನ್ನು ಮುಚ್ಚಿಸಲು ಆತ ಒಂದು ಕಾರಣ ಹುಡುಕುತ್ತಿದ್ದ. ಹೆಣ್ಣುಮಗಳು ಒಬ್ಬಳೇ ಇರಬಾರದು ಎಂಬ ಕಾರಣ ನಡೆಯಲಿಲ್ಲ, ಹೊಗೆಯಿಂದ ಕಣ್ಣು ಹಾಳಾಗುತ್ತವೆ ಎಂಬುದೂ ನಡೆಯಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಒಪ್ಪಿಕೊಂಡೆ. ಶ್ಯಾಣೇಕಿ, ಜಾಣೆ ಅನ್ನಿಸಿಕೊಳ್ಳುವ ಆಸೆ ನನಗೆ ಸಣ್ಣದಿರಲಿಲ್ಲ.

ಮರುದಿನ ಕಾಲೇಜಿಗೆ ಹೋದಂತೆ ಮಾಡಿ ಹಿತ್ತಲಿನಿಂದ ಬಂದು ಅಡುಗೆಮನೆಯ ಗೋಡೆಗೆ ಒರಗಿ ನಿಂತೆ. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಗಂಡಸಿನ ಮಾತು ಮುಳುಗಿಹೋಗುತ್ತಿತ್ತು. ಆತ ಏನೋ ಕೇಳುವನು, ಸ್ವಲ್ಪ ಸುಮ್ಮನಾಗುವನು, ಆಗ ಚಿಗವ್ವ ಉತ್ತರ ಕೊಡುವಳು. ಅವಳ ಮಾತು ಮಾತ್ರ ಸ್ಪಷ್ಟ.

"ಎದುರಿಗೆ ಯಾರರ ಬಂದ್ರ ದೀಪ ಸಣ್ಣದ ಮಾಡಬೇಕ್ರಿ."

ಮತ್ತೆ ಆತನ ಗೊಣಗಾಟ. ಮತ್ತೆ ಇವಳು, ಪಾಠ ಒಪ್ಪಿಸಿದಂತೆ:

"ದವಾಖಾನಿ ಮುಂದ ಸಪ್ಪಳ ಮಾಡಬಾರದ್ರಿ."

ದೀಪ ಸಣ್ಣದು, ಸಪ್ಪಳ ಇಲ್ಲ, ದವಾಖಾನೆಯ ಮುಂದೆ. ಮಾವನ ಅನುಮಾನಕ್ಕೆ ಇಷ್ಟು ಸಾಕಾಗುತ್ತಿತ್ತು. ನನಗೆ ಸಾಲದು, ರೇಡಿಯೊ ನಾಟಕವೂ ಆಗಿರಬಹುದಲ್ಲ ಎಂದು ನನಗೆ ನಾನೇ ಆಕ್ಷೇಪ ಎತ್ತಿದೆ. ಅದಕ್ಕೆ ನಾನೇ ಕೊಟ್ಟುಕೊಂಡ ಉತ್ತರ ಇವತ್ತಿಗೂ ನೆನಪಿದೆ: ಚಿಗವ್ವ ಪ್ರತಿ ಮಾತಿಗೂ 'ರಿ' ಹಚ್ಚುತ್ತಿದ್ದಾಳೆ. ಯಂತ್ರಕ್ಕೆ, ರೆಕಾರ್ಡಿಗೆ ಯಾರಾದರೂ 'ರಿ' ಅನ್ನುತ್ತಾರೆಯೇ? ಇಲ್ಲ. ಆದ್ದರಿಂದ ಆಚೆ ಇರುವವನು ಜೀವಂತ ಮನುಷ್ಯ, ಅದೂ ಅವಳು ಗೌರವ ಕೊಡುವ ಮನುಷ್ಯ. ಈ ವಾದ ಎಷ್ಟು ಬಿಗಿಯಾಗಿ ಕಂಡಿತೆಂದರೆ, ಇದನ್ನೇ ಒಂದು ಸ್ಪರ್ಧೆಯಲ್ಲಿ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು ಅನ್ನಿಸಿತು.

ಆ ಮಧ್ಯಾಹ್ನ ದವಾಖಾನೆಯ ಎದುರಿಗೂ ಹೋಗಿ ನಿಂತು ಬಂದೆ. ಅಲ್ಲಿ ಇದ್ದವರು ಎಳನೀರು ಮಾರುವವನೊಬ್ಬ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕನೊಬ್ಬ. ಇಬ್ಬರನ್ನೂ ದಿಟ್ಟಿಸಿ ನೋಡಿದೆ. ಮುದುಕ ನನ್ನನ್ನು ನರ್ಸ್ ಎಂದು ತಿಳಿದು, ಚೀಟಿ ಎಲ್ಲಿ ಮಾಡಿಸಬೇಕೆಂದು ಕೇಳಿದ.

ಮಾವ ಮತ್ತೆ ಫೋನ್ ಮಾಡಿದಾಗ, ಏನೋ ಇದೆ, ಆದರೆ ಏನು ಎಂಬುದಕ್ಕೆ ಇನ್ನೂ ಪುರಾವೆ ಇಲ್ಲ ಎಂದೆ. ಆತ ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ. ರವಿವಾರ ಮುಂಜಾನೆ ಮೋಟರ್‌ಸೈಕಲ್ ಬಂದು ಬಾಗಿಲಲ್ಲಿ ನಿಂತಿತು.

ಮಾವ ಒಳಗೆ ಬಂದು ಕೂತು ಚಹಾ ಕುಡಿದ. ಚಿಗವ್ವ ರೊಟ್ಟಿಗೆ ಕೂತಿದ್ದಳು. ಅಣ್ಣನ ಗಾಡಿಯ ಸಪ್ಪಳ ಕೇಳಿ ಅವಸರದಲ್ಲಿ ಫೋನನ್ನು ಒತ್ತಿದ್ದಳೋ ಏನೋ, ಅದು ಸರಿಯಾಗಿ ನಿಂತಿರಲಿಲ್ಲ. ಕಟ್ಟೆಯ ಮೇಲಿಂದ ಅದೇ ಧ್ವನಿ ಸಣ್ಣಗೆ ಬರುತ್ತಲೇ ಇತ್ತು.

"ಯಾರ ದನಿ ಅದು?"

ಚಿಗವ್ವ ಮಾವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಮಾವ ಎದ್ದುಹೋಗಿ ಫೋನನ್ನು ಮಗುಚಿದ. ಪರದೆ ಕಪ್ಪಗಿತ್ತು. ನಂಬರಿಲ್ಲ, ಹೆಸರಿಲ್ಲ, ಧ್ವನಿ ಮಾತ್ರ ನಡೆದಿತ್ತು. ಅದು ಆತನ ಸಂಶಯವನ್ನು ಇಳಿಸುವ ಬದಲು ಏರಿಸಿತು. ಫೋನು ಆರಿದ್ದರೂ ಒಳಗೆ ಮಾತಾಡುವವನು ಯಾವನು ಎಂದು ಕೇಳಿದ. ಚಿಗವ್ವ ಸೀರೆಯ ಸೆರಗಿಗೆ ಕೈ ಒರೆಸಿ, ಫೋನು ಇಸಿದುಕೊಂಡು ಪಕ್ಕದ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ರಸ್ತೆಯ ಚಿತ್ರ, ಅದರ ಪಕ್ಕದಲ್ಲಿ ಕೆಂಪು ತ್ರಿಕೋನ. ಧ್ವನಿ ಕೇಳಿತು: "ಇಳಿಜಾರಿನಲ್ಲಿ ವಾಹನವನ್ನು ಹೇಗೆ ಇಳಿಸಬೇಕು?"

ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡೆದ ಮಾವನಿಗೆ ಸುಮ್ಮನಿರಲಾಗಲಿಲ್ಲ. "ನ್ಯೂಟ್ರಲ್ ಮಾಡಿ ಬಿಡೂದು. ಎಣ್ಣಿ ಉಳಿತೈತಿ."

"ಗೇರ್‌ನ್ಯಾಗ ಇಳಸಬೇಕ್ರಿ" ಎಂದಳು ಚಿಗವ್ವ, ಮಾವನಿಗಲ್ಲ, ಫೋನಿಗೆ. ಸ್ವಲ್ಪ ಹೊತ್ತಿಗೆ ಫೋನು ಹೇಳಿದ ಸರಿಯುತ್ತರವೂ ಅದೇ.

"ಅಂವಗೇನ ಗೊತ್ತು" ಎಂದ ಮಾವ. "ಅಂವ ಗಜೇಂದ್ರಗಡದ ಇಳಿಜಾರ ಕಂಡಾನೇನು?"

ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಗೆ ತಯಾರಿ ಅದು. ನಾವು ಆಪಾ ಎಂದು ಕರೆಯುವ ಪಕ್ಕದ ಮನೆಯವಳು ತನ್ನ ಗಂಡನ ಗೂಡ್ಸ್ ಆಟೋವನ್ನು ವಾರಕ್ಕೆರಡು ದಿನ ಕೊಡಿಸಲು ಒಪ್ಪಿದ್ದಳಂತೆ. ತಾನೇ ಓಡಿಸಿಕೊಂಡು ಹೋದರೆ ರೊಟ್ಟಿ ಇಡಿಯಾಗಿ ಮುಟ್ಟುತ್ತವೆ ಎಂಬುದು ಚಿಗವ್ವನ ಲೆಕ್ಕಾಚಾರ. ಫೇಲಾದರೆ ಅಣ್ಣ ಊರಿಗೆಲ್ಲ ಹೇಳಿಕೊಂಡು ನಗುತ್ತಾನೆಂದು ಗುಟ್ಟಾಗಿಟ್ಟಿದ್ದಳು. ಬೋರಲು ಇಡುವುದಕ್ಕೆ ಮಾತ್ರ ಗುಟ್ಟೇನೂ ಇರಲಿಲ್ಲ. ಮೊಬೈಲ್ ಅಂಗಡಿಯವನು ಏನೋ ಬದಲಾಯಿಸಿ ಕೊಟ್ಟು, ಇನ್ನು ಪರದೆ ಆರಿದರೂ ವಿಡಿಯೋ ಹಿಂದೆ ನಡೆಯುತ್ತಿರುತ್ತದೆ ಎಂದಿದ್ದನಂತೆ. ಹಿಂದೆ ನಡೆಯಬೇಕಾದರೆ ಫೋನಿನ ಹಿಂಬದಿ ಮೇಲೆ ಇರಬೇಕಲ್ಲವೇ ಎಂದು ಅವಳು ಅದನ್ನು ಮಗುಚಿ ಇಡುತ್ತಾ ಬಂದಿದ್ದಳು.

ನನಗೆ ಒಂದೇ ಒಂದು ಪ್ರಶ್ನೆ ಉಳಿದಿತ್ತು. ವಿಡಿಯೋದವನಿಗೆ ಯಾಕೆ 'ರಿ' ಅನ್ನುತ್ತೀ ಎಂದು ಕೇಳಿದೆ.

"ಕಲಿಸಾವ್ರು ಅದಾರ. ಮತ್ತ ಹ್ಯಾಂಗ ಅನ್ನೂದು?" ಎಂದಳು.

ಮಾವ ಅಲ್ಲಿಗೆ ಬಿಡಲಿಲ್ಲ. ಗಂಡಸಿನ ಅನುಮಾನ ಹೋಯಿತು, ಗಾಡಿಯದು ಶುರುವಾಯಿತು: ಹೆಣ್ಣುಮಗಳು ರೋಣದ ರಸ್ತೆಯಲ್ಲಿ ಆಟೋ ಓಡಿಸಿದರೆ ನೋಡಿದವರು ಏನಂದಾರು, ಇದಕ್ಕಿಂತ ಲಕ್ಕಲಕಟ್ಟಿಗೆ ಬಂದು ಇರುವುದೇ ಚಲೋ. ನನ್ನ ಮಾತಿಗೆ ಈಗ ಜಾಗ ಸಿಕ್ಕಿತು. ಮೊದಲನೆಯದಾಗಿ, ಎಂದು ಶುರು ಮಾಡಿದೆ.

"ನೀ ಸುಮ್ನಿರು" ಎಂದಳು ಚಿಗವ್ವ. ಸಿಟ್ಟಿನಿಂದಲ್ಲ. "ಮೊದಲ ಅವನ ಕಡೆ ಮಾತಾಡಿ ಇಲ್ಲಿತನಕ ಕರಿಸಿದಿ. ಈಗ ನನ್ನ ಕಡೆ ಮಾತಾಡ್ತಿ. ನಿನಗ ಎರಡೂ ಕಡೆ ಬರ್ತೈತಿ."

ಆಮೇಲೆ ಅಣ್ಣನ ಕಡೆ ತಿರುಗಿ, "ಕೇಂದ್ರ ಮುಚ್ಚಾಂಗಿಲ್ಲ, ಯಣ್ಣಾ. ನಾ ಬರಾಂಗಿಲ್ಲ" ಎಂದಷ್ಟೇ ಹೇಳಿ ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದಳು. ನಾನು ಹತ್ತು ನಿಮಿಷ ವಾದಿಸಿ ಹೇಳಬೇಕೆಂದಿದ್ದುದು ಅಷ್ಟೇ. ಮಾವ ಇನ್ನೊಂದು ಕಪ್ ಚಹಾ ಕುಡಿದು, ಪರೀಕ್ಷೆ ಆಗಲಿ, ನೋಡೋಣ ಎಂದು ಹೊರಟ.

ಪರೀಕ್ಷೆ ಗದಗಿನಲ್ಲಿ, ಬುಧವಾರ ಎಂದು ಚಿಗವ್ವ ನನಗೆ ಹೇಳಿದ್ದಳು. ಸೋಮವಾರವೇ ಆಪಾಳನ್ನು ಕರೆದುಕೊಂಡು ಗದಗಿಗೆ ಹೋಗಿಬಂದಳು. ಬಂದವಳು ಎಂದಿನಂತೆ ಅಡುಗೆ ಮಾಡಿದಳು, ಬಡಿಸಿದಳು, ಕಾಲೇಜಿನಲ್ಲಿ ಏನು ನಡೆಯಿತೆಂದು ಕೇಳಿದಳು. ನಾನು ಹೇಳಿದೆ. ಮರುದಿನ ಮುಂಜಾನೆ ಮಾವನ ಫೋನು ಬಂತು. ಆತನ ಧ್ವನಿಯಲ್ಲಿ ಒಂದು ಬಗೆಯ ಹೆಮ್ಮೆ ಇತ್ತು.

"ಪಾಸಾದಳಲ್ಲ ನಿಮ್ಮ ಚಿಗವ್ವ. ನಿನ್ನೆ ಸಂಜಿಕನ ಫೋನ್ ಮಾಡಿದ್ಲು. ನಿನಗ ಹೇಳ್ಯಾಳಿಲ್ಲ?"

ಮುಂದಿನ ಕೋಣೆಯಲ್ಲಿ ಅವಳು ಒಲೆ ಹೊತ್ತಿಸುತ್ತಿದ್ದಳು. ನನ್ನ ಮಾತು ಅವಳಿಗೆ ಕೇಳಿಸುತ್ತಿತ್ತು.

"ಹೇಳ್ಯಾಳ, ಮಾವಾ" ಎಂದೆ.